ನನ್ನ ಮೊಬೈಲಿಗೆ ಬರುತ್ತಿದ್ದ ವಾರಿಜಕ್ಕನ ಒಟಿಪಿ

ಕಳೆದ ವಾರ ನಾನು ಕಳ್ಳಿಯಾದೆ. ಇದು ನೆರೆಹೊರೆಯವರು ಹೇಳಿದ್ದಲ್ಲ, ಬ್ಯಾಂಕಿನ ಕಂಪ್ಯೂಟರ್ ಹೇಳಿದ್ದು.

ಬೆಳಿಗ್ಗೆ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಾಗ ನಮ್ಮ ವೇಣೂರು ಬ್ರಾಂಚಿನ ಮ್ಯಾನೇಜರ್ ಫೋನ್ ಮಾಡಿದರು. ಬೆಳ್ತಂಗಡಿಯ ಹುಡುಗ, ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಗಣಿತ ಕಲಿತವರು. "ಟೀಚರೇ, ಒಮ್ಮೆ ಬ್ಯಾಂಕಿಗೆ ಬಂದು ಹೋಗ್ತೀರಾ? ಫೋನಿನಲ್ಲಿ ಹೇಳುವ ವಿಷಯ ಅಲ್ಲ."

ಡಾಕ್ಟರು ಹಾಗೆ ಹೇಳಿದರೆ ಅರ್ಥವಾಗುತ್ತದೆ. ಬ್ಯಾಂಕಿನವರು ಹೇಳಿದರೆ? ತೊಳೆದ ಅಕ್ಕಿಯನ್ನು ಹಾಗೆಯೇ ಬಿಟ್ಟು ಹೊರಟೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ಬಸ್ಸು ಹತ್ತಿದ ಮೇಲೆ ಬಂತು. (ಗ್ಯಾಸ್ ಹಚ್ಚಿಯೇ ಇರಲಿಲ್ಲ. ಹೆದರಿದವಳಿಗೆ ಅದೆಲ್ಲ ನೆನಪಿರುತ್ತದೆಯೇ?)

ಮ್ಯಾನೇಜರ್ ತಮ್ಮ ಸ್ಕ್ರೀನನ್ನು ನನ್ನ ಕಡೆಗೆ ತಿರುಗಿಸಿದರು. ನಡುವೆ ನನ್ನ ಮೊಬೈಲ್ ನಂಬರ್. ಅದರಿಂದ ಸುತ್ತಲೂ ಗೆರೆಗಳು, ಒಂದೊಂದು ಗೆರೆಯ ತುದಿಯಲ್ಲಿ ಒಂದೊಂದು ಅಕೌಂಟ್. ಥೇಟ್ ಜೇಡರ ಬಲೆ. ಜೇಡ ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಹೆಡ್ ಆಫೀಸಿನಲ್ಲಿ ಈಗ ಡೇಟಾ ಅನಾಲಿಸಿಸ್ ಶುರು ಮಾಡಿದ್ದಾರೆ. ಕ್ಯೂ ಎಲ್ಲಿ ಉದ್ದ, ಸಾಲದ ಅರ್ಜಿ ಯಾರ ಟೇಬಲಿನಲ್ಲಿ ನಿಲ್ತದೆ, ಎಲ್ಲ ಹುಡುಕಿ ಕೊಡ್ತದೆ. ನಮಗೂ ಕೆಲಸ ಸುಲಭ ಆಗಿದೆ. ಆದರೆ ಒಂದೇ ನಂಬರಿಗೆ ಇಷ್ಟು ಅಕೌಂಟ್ ಇದ್ದರೆ ಅದು ಮೋಸದ ಜಾಲ ಅಂತ ತೋರಿಸ್ತದೆ. ಇವರೆಲ್ಲ ನಿಮಗೆ ಏನಾಗಬೇಕು ಟೀಚರೇ?"

"ನೆರೆಕರೆಯವರು."

"ಅದನ್ನು ಹಾಕ್ಲಿಕ್ಕೆ ಇದರಲ್ಲಿ ಕಾಲಂ ಇಲ್ಲ," ಎಂದರು. ಪಾಪ, ಅವರ ಮುಖವೂ ಸಪ್ಪಗಾಗಿತ್ತು.

ನಡೆದದ್ದು ಇಷ್ಟೇ. ನಮ್ಮ ಪಕ್ಕದ ಮನೆಯ ವಾರಿಜಕ್ಕ ಅಕೌಂಟ್ ತೆರೆಯುವಾಗ ಬ್ಯಾಂಕಿನವರು ಮೊಬೈಲ್ ನಂಬರ್ ಕೇಳಿದರು. ವಾರಿಜಕ್ಕನಲ್ಲಿ ಮೊಬೈಲ್ ಇರಲಿಲ್ಲ. "ಟೀಚರದ್ದು ಬರೆಯಿರಿ" ಎಂದರು. ಅವರನ್ನು ನೋಡಿ ಹಿಂದಿನ ಮನೆಯವರು, ಅವರನ್ನು ನೋಡಿ ಎದುರು ಮನೆಯವರು. ಅಂಗಳದ ಬಾವಿಯಿಂದ ನೀರು ಸೇದಿದಷ್ಟೇ ಸಲೀಸಾಗಿ ಇಡೀ ಓಣಿ ನನ್ನ ನಂಬರನ್ನು ಬಳಸಿತು. ಮೆಸೇಜೋ ಒಟಿಪಿ ನಂಬರೋ ಬಂದರೆ ನಾನು ಕಂಪೌಂಡಿನಾಚೆಗೆ ಓದಿ ಕೂಗುವುದು, ಅವರು "ಆಯ್ತು ಟೀಚರೇ" ಎನ್ನುವುದು. ಇದರಲ್ಲಿ ತಪ್ಪುಂಟೆಂದು ಯಾರಿಗೂ ಹೊಳೆದಿರಲಿಲ್ಲ.

ಈಗ ಅಷ್ಟೂ ಅಕೌಂಟಿಗೆ ತಡೆ. ಅವರವರ ನಂಬರ್ ಅವರವರು ಕೊಟ್ಟ ಮೇಲೆಯೇ ಬಿಡುಗಡೆ.

"ನೀವು ಅಂಥವರಲ್ಲ ಅಂತ ನನಗೆ ಗೊತ್ತುಂಟು. ಕಂಪ್ಯೂಟರಿಗೆ ಗೊತ್ತಿಲ್ಲ ಅಲ್ವಾ?" ಮ್ಯಾನೇಜರ್ ದನಿ ತಗ್ಗಿಸಿಯೇ ಹೇಳಿದರು. ಆದರೂ ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ನೋಡಿದರೋ, ನನಗೆ ಹಾಗನಿಸಿತೋ! ತಲೆ ತಗ್ಗಿಸಿ ಹೊರಗೆ ಬಂದೆ.

ವಾಪಸ್ ಬರುವಾಗ ಬೇರೆಯೇ ಹೆದರಿಕೆ ಹಿಡಿಯಿತು. ಇದೇ ಮೊಬೈಲನ್ನು ಚೀಲದಲ್ಲಿ ಹಾಕಿಕೊಂಡು ನಾನು ಮೂಡುಬಿದಿರೆಗೆ ಹೋಗಿದ್ದೇನೆ, ಬಿ.ಸಿ.ರೋಡಿನ ಆ ನೂಕುನುಗ್ಗಲಲ್ಲಿ ಬಸ್ಸು ಹತ್ತಿದ್ದೇನೆ. ಎಲ್ಲಾದರೂ ಬಿದ್ದಿದ್ದರೆ? ಇಡೀ ಓಣಿಯ ಗಂಟು ಯಾವನದೋ ಕೈಗೆ ಹೋಗುತ್ತಿತ್ತು. ಕಂಪ್ಯೂಟರ್ ಹೆದರಿದ್ದು ಸುಳ್ಳಲ್ಲ ಮಾರಾಯ್ರೆ.

ಹಾಗಾಗಿ ನಂಬರ್ ಬದಲಿಸಲು ಎಲ್ಲರನ್ನೂ ನಾನೇ ಬ್ಯಾಂಕಿಗೆ ಹೊರಡಿಸಿದೆ. ವಾರಿಜಕ್ಕನಿಗೆ ಸೊಸೆಯ ಹಳೆಯ ಮೊಬೈಲ್ ಸಿಕ್ಕಿತು. ಆಯುಷ್ಯವಿಡೀ ಬೀಡಿ ಕಟ್ಟಿದ ಹೆಂಗಸು, ಪಿ.ಎಫ್. ಹಣವೆಲ್ಲ ಅದೇ ಅಕೌಂಟಿನಲ್ಲಿದೆ. ಬೇರೆ ಉಳಿತಾಯವಿಲ್ಲ. ಬ್ಯಾಂಕಿನಿಂದ ಬರುವಾಗ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದರು, "ನನ್ನ ಮೆಸೇಜು ಇನ್ನು ನಿಮಗೆ ಕಾಣುವುದಿಲ್ಲವಾ ಟೀಚರೇ?" (ಅವರು ಕೇಳಿದ್ದು ತುಳುವಿನಲ್ಲಿ.)

ನನಗೆ ಚುಚ್ಚಿತು. ಇವರಿಗೂ ನನ್ನ ಮೇಲೆ ಸಂಶಯವೇ? "ಇಲ್ಲ, ಕಾಣುವುದಿಲ್ಲ," ಎಂದೆ.

"ಹಾಗಾದರೆ ನನಗೆ ಹೆದರಿಕೆ ಆಗ್ತದೆ," ಎಂದರು ವಾರಿಜಕ್ಕ.

ಮೊನ್ನೆ ಬಟ್ಟೆ ಒಣಗಿಸುತ್ತಿದ್ದೆ. ಕಂಪೌಂಡಿನಾಚೆ ವಾರಿಜಕ್ಕನ ದನಿ, ಅದೂ ಕನ್ನಡದಲ್ಲಿ! ಅವರು ಕನ್ನಡ ಮಾತಾಡುವುದು ಆಫೀಸಿನವರ ಹತ್ತಿರ ಮಾತ್ರ. ಕಿವಿಗೊಟ್ಟೆ. "ನಾಲ್ಕು... ಸೊನ್ನೆ... ಒಂಬತ್ತು..."

ಹಿಂಡಿದ ಬಟ್ಟೆಯನ್ನು ಮಣ್ಣಿಗೇ ಬಿಸಾಡಿ, ಬರಿಗಾಲಿನಲ್ಲಿ ಗೇಟು ಸುತ್ತಿ ಓಡಿದೆ. ಮೊಬೈಲ್ ಕಿತ್ತುಕೊಂಡೆ. "ಬೇಗ ಹೇಳಿ ಅಮ್ಮಾ, ಲಾಸ್ಟ್ ನಂಬರ್ ಏನು?" ಎಂದು ಒಬ್ಬ ಅವಸರ ಮಾಡುತ್ತಿದ್ದ. ಕಟ್ ಮಾಡಿದೆ.

"ಎಂತ ಮಾಡಿದಿರಿ ವಾರಿಜಕ್ಕ?"

"ಬ್ಯಾಂಕಿನವರು ಟೀಚರೇ. ಅಕೌಂಟ್ ಇನ್ನೂ ಪೂರ್ತಿ ಬಿಟ್ಟಿಲ್ಲವಂತೆ, ನಂಬರ್ ಹೇಳಿದರೆ ಬಿಡ್ತಾರಂತೆ." ತಡೆ ಹಾಕಿದ್ದು ನಿಜವಾದ ಬ್ಯಾಂಕೇ ತಾನೇ? ಮತ್ತೆ ಇವನನ್ನು ಅವರು ಹೇಗೆ ನಂಬದಿರುತ್ತಾರೆ? ನಂಬರ್ ಬಂದರೆ ಗಟ್ಟಿಯಾಗಿ ಓದಿ ಹೇಳಬೇಕು ಎಂದು ಅವರಿಗೆ ಕಲಿಸಿದವಳು ಕಂಪೌಂಡಿನಾಚೆಯಿಂದ ಕೂಗುತ್ತಿದ್ದ ನಾನೇ.

"ಕಡೆಯದ್ದು ಹೇಳಿದಿರಾ?"

"ಇಲ್ಲ. ಕನ್ನಡಕ ಒಳಗೆ ಉಂಟು. ಅದು ಮೂರೋ ಎಂಟೋ ಗೊತ್ತಾಗಲಿಲ್ಲ."

ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿದೆ. "ದೇವರು ದೊಡ್ಡವ," ಎಂದರು. ಹಣ ಹೋಗಿರಲಿಲ್ಲ. ಆಮೇಲೆ ಸಮಾಧಾನಕ್ಕೆಂದು ಇದನ್ನೂ ಹೇಳಿದರು: ಸ್ಕ್ರೀನಿನಲ್ಲಿ ಈಗ ಬಲೆ ಕಾಣುತ್ತಿಲ್ಲವಂತೆ, ನಮ್ಮ ಓಣಿ ಪೂರ್ತಿ ಸೇಫ್ ಎಂದು ಬಂದಿದೆಯಂತೆ.

ಸಂತೋಷ. ಆದರೆ ನಾಳೆ ವಾರಿಜಕ್ಕ ಕನ್ನಡಕ ಹಾಕಿಕೊಂಡೇ ಫೋನ್ ಎತ್ತಿದರೆ?