ಗೋಲು ಬಿಟ್ಟು ಹೋದವನು

ಹೋದ ತಿಂಗಳು ಆಲ್ದೂರಿನಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಇಳಿದು ಕಾಲಾಡಿಸುತ್ತಿದ್ದಾಗ ಯಾರದೋ ಕಣದಿಂದ ಹಣ್ಣು ಕಾಫಿ ಒಣಗುವ ವಾಸನೆ ಬಂತು. ಹುಳಿ ಹುಳಿ, ಸ್ವಲ್ಪ ಕೊಳೆತ ಹಾಗೆ, ಆದರೂ ಮೂಗು ಮುಚ್ಚಿಕೊಳ್ಳಬೇಕೆನಿಸದ ವಾಸನೆ. ಬೇರೆಯವರಿಗೆ ಅದು ಸುಗ್ಗಿ. ನನಗೆ ನಮ್ಮ ಕಾಲೇಜು ಫುಟ್‌ಬಾಲ್ ತಂಡದ ಗೋಲ್‌ಕೀಪರ್...

ಎಲ್ಲರೂ ಅವನನ್ನು ಕೀಪರ್ ಎಂದೇ ಕರೆಯುತ್ತಿದ್ದರು. ಹಾಜರಿ ಕೂಗುವಾಗಲೂ ಹಿಂದಿನ ಬೆಂಚಿನಿಂದ ಯಾರಾದರೂ 'ಕೀಪರ್ ಇದಾನೆ ಸಾರ್' ಅನ್ನುತ್ತಿದ್ದರು. ಕೊಟ್ಟಿಗೆಹಾರದ ಹತ್ತಿರ ಅವರದು ಚೂರುಪಾರು ಕಾಫಿ ತೋಟ. ಅಪ್ಪ ಅಮ್ಮ ಇರಲಿಲ್ಲ. ಅಕ್ಕನೇ ತೋಟವನ್ನೂ ಇವನನ್ನೂ ನೋಡಿಕೊಳ್ಳುತ್ತಿದ್ದರು.

ಆ ವರ್ಷ ಮಳೆಗಾಲವಿಡೀ ಆಡಿದೆವು. ಮೂಡಿಗೆರೆಯ ಮೈದಾನದಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು. ರಕ್ತ ಹೀರುವ ಇಂಬಳ ಹತ್ತದಿರಲೆಂದು ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ಇಳಿಯುತ್ತಿದ್ದೆವು. ನಾವು ಗೆಲ್ಲುತ್ತಿರುವುದೇ ಆ ನಾತದಿಂದ ಎಂದು ಪಿ.ಟಿ. ಮಾಸ್ತರು ಗೇಲಿ ಮಾಡುತ್ತಿದ್ದರು. ಸುಳ್ಳು. ಗೆಲ್ಲುತ್ತಿದ್ದುದು ಕೀಪರನಿಂದ. ನಾನು ಬ್ಯಾಕ್ ಆಡುತ್ತಿದ್ದೆ. ನನ್ನನ್ನು ದಾಟಿ ಹೋದ ಚೆಂಡನ್ನೆಲ್ಲ ಅವನು ಹಿಡಿಯುತ್ತಿದ್ದ, ಹಿಡಿದು ಬೈಯುತ್ತಿದ್ದ. 'ನೀನೆಂತ ಅಲ್ಲಿ ಗದ್ದೆ ಕಾಯ್ತಿದ್ಯಾ ಮಾರಾಯ?'

ಫೈನಲ್ ಬಿದ್ದದ್ದು ಡಿಸೆಂಬರಿನಲ್ಲಿ, ಕಾಫಿ ಕುಯ್ಲಿನ ನಡುವೆ. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಬಂದದ್ದು ಇವನನ್ನು ನೋಡಲಿಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು. ಆ ತಂಡಕ್ಕೆ ಸೇರುವುದೊಂದೇ ಅವನ ಆಸೆ. ಆ ತಿಂಗಳು ಅದು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

ವಿರಾಮದ ಹೊತ್ತಿಗೆ ನಾವು ಮುಂದಿದ್ದೆವು. ಆದರೆ ಅವನ ಕಣ್ಣೆಲ್ಲ ಅವನ ಊರಿನ ದಿಕ್ಕಿಗೆ, ಚಾರ್ಮಾಡಿ ಘಾಟಿಯ ಕಡೆಗೆ. ಅಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಗ್ಲೌಸ್ ಬಿಚ್ಚಿ ನನ್ನ ಕೈಗಿಟ್ಟ.

'ವರ್ಷದ ಕಾಫಿಯೆಲ್ಲ ಕಣದಲ್ಲಿ ಹರವಿದೆ. ಅಕ್ಕ ಒಬ್ಳೇ. ಅವ್ಳ ಕೈಲಿ ಟಾರ್ಪಾಲು ಎಳಿಯಕ್ಕಾಗಲ್ಲ.'

'ಅವ್ರು ಬಂದಿರೋದೇ ನಿನ್ನ ನೋಡಕ್ಕೆ ಮಾರಾಯ!' ಅಂದೆ.

ಅವನು ಆಗಲೇ ರಸ್ತೆಯಲ್ಲಿದ್ದ. ಬೂಟು, ಜರ್ಸಿಯಲ್ಲೇ ಸರ್ವಿಸ್ ಜೀಪಿನ ಹಿಂದೆ ಜೋತುಬಿದ್ದು ಹೊರಟುಹೋದ.

ಗ್ಲೌಸ್ ನನ್ನ ಕೈಯಲ್ಲಿತ್ತಲ್ಲ, ಗೋಲಿಗೂ ನನ್ನನ್ನೇ ನಿಲ್ಲಿಸಿದರು. ಸೋತೆವು. ಹೇಗೆ ಸೋತೆವೆಂದು ಹೇಳದಿರುವುದೇ ಮೇಲು. ಮೂಡಿಗೆರೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಮಾಸ್ತರು ಯಾರ ಮುಖವನ್ನೂ ನೋಡದೆ ಚೆಂಡನ್ನು ಚೀಲಕ್ಕೆ ತುಂಬಿಕೊಂಡು ಹೋದರು.

ಅವನು ಕಾಲೇಜಿಗೆ ಬಂದ ದಿನ ಹೊಡೆಯುವವರ ಹಾಗೆ ಸುತ್ತುವರಿದೆವು. 'ಮಳೆಯಾದ್ರೂ ಬಂತೇನೋ?' ಎಂದು ಯಾರೋ ಕೇಳಿದರು.

'ಬಂತು. ಚೆನ್ನಾಗೇ ಬಂತು. ಮುಚ್ಚಿದ್ದಕ್ಕೆ ಉಳೀತು.'

ಅಷ್ಟಕ್ಕೇ ನಮ್ಮ ಸಿಟ್ಟು ಇಳಿದುಹೋಯಿತು. ತಂಡದ ಅರ್ಧ ಜನರ ಮನೆಯ ಕಣದಲ್ಲೂ ಕಾಫಿ ಇತ್ತು. ಒಣಗುವ ಕಾಫಿ ನೆನೆದು ಬೂಷ್ಟು ಹಿಡಿದರೆ ವರ್ಷದ ದುಡಿಮೆ ತಿಪ್ಪೆಗೆ. ಕುಯ್ಲಿನಲ್ಲಿ ಮೋಡ ಕಂಡರೆ ನಮ್ಮ ಕಡೆ ಮದುವೆಯ ಊಟದ ಎಲೆ ಬಿಟ್ಟು ಎದ್ದವರನ್ನೂ ಯಾರೂ ಏನೂ ಅನ್ನುವುದಿಲ್ಲ. ಇನ್ನು ಒಂದು ಫೈನಲ್ ಏನು ಮಹಾ?

ಅವನ ಆಯ್ಕೆ ಆಗಲಿಲ್ಲ. ಮತ್ತೆ ಅವನು ಮೈದಾನಕ್ಕೆ ಇಳಿಯಲೂ ಇಲ್ಲ. ನಾವು ಆ ಮಳೆಯನ್ನು ಬೈದುಕೊಂಡು ನಮ್ಮ ನಮ್ಮ ದಾರಿ ಹಿಡಿದೆವು...

ಬಸ್ಸು ಕೆಟ್ಟ ಮರುದಿನವೇ ಅವನನ್ನು ನೋಡಿ ಬರೋಣವೆಂದು ಕೊಟ್ಟಿಗೆಹಾರಕ್ಕೆ ಹೋದೆ. ಮನೆಯಲ್ಲಿ ಅಕ್ಕ ಇದ್ದರು. ಅವನು ಹೋದ ಮಳೆಗಾಲದಲ್ಲೇ ತೀರಿಕೊಂಡಿದ್ದ. ನನಗೆ ಯಾರೂ ತಿಳಿಸಿರಲಿಲ್ಲ. 'ಫೈನಲ್ ದಿನ ಆ ಮಳೆಯೊಂದು ಬರದೇ ಇದ್ದಿದ್ರೆ ಅವನು ಎಲ್ಲೋ ಇರ್ತಿದ್ದ ಅಕ್ಕ' ಅಂದೆ.

ಅಕ್ಕ ನನ್ನ ಮುಖ ನೋಡಿದರು. 'ಯಾವ ಮಳೆ? ಅವತ್ತು ಹನೀನೂ ಬೀಳ್ಲಿಲ್ಲ. ಮೋಡ ಹಾಗೇ ಘಟ್ಟ ಇಳಿದು ಹೋಯ್ತು. ಇವನು ಕಾಫಿ ಮುಚ್ಚಿ, ಬೂಟೂ ಬಿಚ್ಚದೆ ಕತ್ಲಾಗೋ ತನಕ ಕಣದಲ್ಲೇ ಕೂತಿದ್ದ. ನೆಂದ್ರೆ ನೆನೀಲಿ ಅಕ್ಕ, ಒಂದು ಮಳೆ ಬಂದ್ಬಿಡ್ಲಿ ಅಂತಿದ್ದ.'

ಅವರು ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಲೋಟ ಹಿಡಿದುಕೊಂಡು ಕಣದ ಅಂಚಿಗೆ ಬಂದು ಕೂತೆ. ಇಷ್ಟು ವರ್ಷ ಆ ಸುಳ್ಳನ್ನು ಒಬ್ಬನೇ ಹೊತ್ತುಕೊಂಡಿದ್ದನಲ್ಲ... ನನಗಾದರೂ ಹೇಳಬಹುದಿತ್ತು. ಹೇಳಿದ್ದರೆ ಬೈಯುತ್ತಿದ್ದೆ, ಖಂಡಿತ ಬೈಯುತ್ತಿದ್ದೆ; ಆಮೇಲೆ ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ. ಈಗ ಬೈಯಲಿಕ್ಕೂ ಅವನಿಲ್ಲ.