ಹುಳುಮನೆಗೆ ನೆಂಟರು ಬರಬಾರದು

ಗಿರಾಕಿಗಳನ್ನು ಮನೆಯವರಂತೆ ಕಾಣಬೇಕು ಎಂದು ಈಗ ಎಲ್ಲರೂ ಉಪದೇಶ ಮಾಡುತ್ತಾರೆ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಕಾರಣ ಹೇಳುತ್ತೇನೆ.

ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮದೊಂದು ಚಾಕಿ ಕೇಂದ್ರವಿದೆ. ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುಗಳನ್ನು ಎಳೆಯ ಹಿಪ್ಪುನೇರಳೆ ಸೊಪ್ಪು ಹಾಕಿ, ಎರಡು ಸಲ ಪೊರೆ ಕಳಚುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಬಾಣಂತನ ನಮ್ಮದು, ಗೂಡು ಕಟ್ಟಿಸುವುದು ಅವರದು. ಇದು ಪೂರ್ತಿ ಶುಚಿಯ ಮೇಲೆ ನಿಂತ ಕಸುಬು. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಣ್ಣುವ ವಿದ್ಯಾರ್ಥಿನಿಲಯದಲ್ಲಿ ಬೆಳೆದ ನನಗೆ ಅದು ಕಷ್ಟವೆನಿಸಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ತುಳಿಯದೆ ನಮ್ಮ ಹುಳುಮನೆಯೊಳಗೆ ನಾನೂ ಕಾಲಿಡುವುದಿಲ್ಲ.

ಚಾಕಿ, ಅಂದರೆ ಆ ಎಳೆಹುಳುಗಳನ್ನು ಕೊಟ್ಟ ಮೇಲೆ ಪ್ರತಿ ರೈತರ ಊರಿಗೂ ಹೋಗುತ್ತೇನೆ. ಆದರೆ ಗೇಟಿನ ಹೊರಗೇ ನಿಲ್ಲುತ್ತೇನೆ. ಅವರು ತಟ್ಟೆಯಲ್ಲಿ ನಾಲ್ಕು ಹುಳು ತಂದು ತೋರಿಸುತ್ತಾರೆ. ಸೊಪ್ಪು ಒದ್ದೆಯಿದೆಯೇ, ಗಾಳಿ ಆಡುತ್ತಿದೆಯೇ ಎಂದು ಕೇಳಿ, ಕಾಫಿಯನ್ನೂ ಅಲ್ಲೇ ಕುಡಿದು ಹೊರಡುತ್ತೇನೆ. ಒಂದು ಹುಳುಮನೆಯಿಂದ ಇನ್ನೊಂದಕ್ಕೆ ರೋಗ ನಡೆದುಕೊಂಡು ಹೋಗುವುದಿಲ್ಲ. ನಮ್ಮ ಕಾಲಿನಲ್ಲಿ, ಕೈಯಲ್ಲಿ ಸವಾರಿ ಮಾಡುತ್ತದೆ. ನಾನು ಹೊರಗೆ ನಿಲ್ಲುವುದು ಜಂಬಕ್ಕಲ್ಲ ಎಂಬುದು ನನ್ನ ರೈತರಿಗೆಲ್ಲ ಗೊತ್ತಿತ್ತು.

ಗೊತ್ತಾಗದೆ ಹೋದದ್ದು ನನ್ನ ತಮ್ಮನಿಗೆ. ಅವನು ವಿಮೆ ಪಾಲಿಸಿ ಮಾರಿಕೊಂಡಿದ್ದವನು. ಆ ಕೆಲಸದಿಂದ ನಿವೃತ್ತನಾಗಿ ನನ್ನ ಜೊತೆ ಸೇರಿದ. ಬಂದ ವಾರದಲ್ಲೇ ತಪ್ಪು ಹುಡುಕಿದ.

“ಅಕ್ಕ, ನೀನು ಗೇಟ್ ಹತ್ರ ನಿಂತ್ಕೊಂಡು ಪೋಸ್ಟ್‌ಮ್ಯಾನ್ ಥರ ಕೂಗಿ ಬರ್ತೀಯ. ಜನಕ್ಕೆ ನಮ್ಮೋರು ಅನ್ಸೋದು ಹೆಂಗೆ?”

“ಹುಳ ಚೆನ್ನಾಗಿದ್ರೆ ಅನ್ಸುತ್ತೆ ಕಣೋ.”

“ಕಸ್ಟಮರ್ ಅಂದ್ರೆ ಫ್ಯಾಮಿಲಿ. ಅಡುಗೆಮನೆ ತನಕ ಹೋಗ್ಬೇಕು. ನಾನು ಅಷ್ಟು ಪಾಲಿಸಿ ಮಾರಿದ್ದು ಹಂಗೇನೆ.”

“ಪಾಲಿಸಿಗೆ ರೋಗ ಅಂಟಲ್ಲಪ್ಪ.”

ನಕ್ಕುಬಿಟ್ಟ. ಹುಳುಮನೆಗೆ ಹೋಗಬೇಡ ಎಂದು ಸ್ಪಷ್ಟವಾಗಿ ಹೇಳಿದ್ದೆ. ಆಯಿತು ಅಂದಿದ್ದ. ಮರುದಿನದಿಂದ ಇಸ್ತ್ರಿ ಷರಟು, ಬೂಟು, ಮೈಗೆ ಸೆಂಟು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಬೆಳಿಗ್ಗೆ ಮೇಲೂರು, ಮಧ್ಯಾಹ್ನ ಚಿಂತಾಮಣಿ ಕಡೆಯ ಹಳ್ಳಿಗಳು. ಸಂಜೆ ಬಂದು, ಯಾರ ಮನೆಯಲ್ಲಿ ಮುದ್ದೆ ಉಂಡೆ, ಯಾರ ಮಗುವಿಗೆ ಹೆಸರು ಸೂಚಿಸಿದೆ ಎಂದು ವರದಿ ಒಪ್ಪಿಸುತ್ತಿದ್ದ. ರೈತರೂ ಹೊಗಳತೊಡಗಿದರು. “ನಿಮ್ ತಮ್ಮ ಎಷ್ಟ್ ಬೆರೀತಾರಕ್ಕ, ನೀವು ಮಾತ್ರ ಬಾಗ್ಲಲ್ಲೇ” ಎಂದು ಒಬ್ಬರು ನನಗೇ ಚುಚ್ಚಿದರು. ಅಡುಗೆಮನೆಯಲ್ಲಿ ಉಂಡುಕೊಳ್ಳಲಿ, ಹುಳುಮನೆಗೆ ಹೋಗದಿದ್ದರೆ ಸಾಕು ಎಂದು ಸುಮ್ಮನಿದ್ದೆ.

ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯ ಒಬ್ಬ ಹೆಣ್ಣುಮಗಳು ನಮ್ಮ ಹಳೆಯ ಗಿರಾಕಿ. ಹೊಲ, ಹುಳು ಎರಡನ್ನೂ ತಾನೇ ನೋಡಿಕೊಳ್ಳುವವಳು. ಅವಳ ಹುಳುಗಳು ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಆಗ ಫೋನು ಬಂತು.

“ಅಕ್ಕಾ, ಹುಳ ಊದ್ಕೊಂಡವೆ. ಮುಟ್ಟಿದ್ರೆ ಹಾಲು ಸೋರ್ತದೆ.”

ಹಾಲುತೊಂಡೆ ರೋಗ. ತಕ್ಷಣ ಹೊರಟೆ. ಅವಳು ತಟ್ಟೆ ತಂದು ಗೇಟಿನ ಕಂಬದ ಮೇಲಿಟ್ಟಳು. ಹುಳುಗಳು ಹಳದಿಗೆ ತಿರುಗಿ, ಚರ್ಮ ಬಿರಿದು, ಸೊಪ್ಪಿನ ಮೇಲೆಲ್ಲ ಬೆಳ್ಳಗೆ ಸೋರಿತ್ತು.

“ಒಳಗೆ ಬನ್ನಿ ಅಕ್ಕಾ. ಇನ್ನೇನ್ ಉಳ್ದದೆ ಕಾಪಾಡಕ್ಕೆ?”

ನಾನು ಹೋಗಲಿಲ್ಲ. ಒಳಗೆ ಯಾರಾದರೂ ಹೊರಗಿನವರು ಬಂದಿದ್ದರೇ ಎಂದು ಕೇಳಿದೆ.

“ಅಣ್ಣ ಬಂದಿದ್ರಲ್ಲ, ನಿಮ್ ತಮ್ಮ.”

“ಬೂಟಲ್ಲೇ?”

“ಹೂಂ. ಹುಳ ಕೈಗೆತ್ಕೊಂಡು ಫೋಟೋ ತೆಗ್ದ್ರು.”

“ಬೇಡ ಅನ್ನಬಾರದಾಗಿತ್ತಾ ತಾಯಿ? ನಿನಗೆ ತಿಳೀದಾ?”

“ತಿಳೀತದೆ. ಆದ್ರೆ ನಮ್ಮಮ್ಮಂಗೆ ನಮಸ್ಕಾರ ಮಾಡಿ, ಉಂಡು, ತಂಗಿ ಅಂದೋರ್ನ ಹೆಂಗಕ್ಕ ಆಚೆ ನಿಲ್ಸೋದು?”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಅವಳ ಬಾಯಿ ಕಟ್ಟಿದ ಆ ವಿಶ್ವಾಸದ ಮೇಲೆ. ಅಪರಿಚಿತನಾಗಿದ್ದರೆ ಗದರಿಸಿ ಓಡಿಸುತ್ತಿದ್ದಳು. ಅಣ್ಣನಾದ್ದರಿಂದ ತನ್ನ ಬೆಳೆಯನ್ನೇ ಅವನ ಬೂಟಿಗೆ ಒಪ್ಪಿಸಿದಳು.

ಮನೆಗೆ ಬಂದು ತಮ್ಮನ ಫೋನು ಕೇಳಿದೆ. ಹೆಮ್ಮೆಯಿಂದಲೇ ಕೊಟ್ಟ. ಒಂದಾದ ಮೇಲೊಂದು ಹುಳುಮನೆ, ಎಲ್ಲದರಲ್ಲೂ ಇವನ ನಗು. ಮೇಲೂರಿನ ಚಿತ್ರದಲ್ಲಿ ಅವನ ಅಂಗೈ ಮೇಲಿದ್ದ ಹುಳು ಊದಿ ಹಳದಿಯಾಗಿತ್ತು. ಅದರ ಮುಂದಿನದೇ ಕೆಂಚಾರ್ಲಹಳ್ಳಿ. ಆಮೇಲೆ ಇನ್ನೂ ಕೆಲವು ಮನೆಗಳಿದ್ದವು. ಅಲ್ಲಿಂದ ರೋಗದ ಸುದ್ದಿ ಇನ್ನೂ ಬಂದಿರಲಿಲ್ಲ.

“ಈ ಮನೆಯೋರಿಗೆಲ್ಲ ಈಗ್ಲೇ ಫೋನ್ ಮಾಡು” ಅಂದೆ. “ರೋಗದ ಹುಳ ಮುಟ್ಟಿ ನಿಮ್ಮನೆಗೆ ಬಂದಿದ್ದೆ ಅಂತ ಹೇಳು. ಸುಣ್ಣ ಹಾಕ್ಲಿ, ಸೊರಗಿರೋ ಹುಳ ಆರಿಸಿ ಸುಡ್ಲಿ.”

“ನಾವೇ ರೋಗ ತಂದ್ವಿ ಅಂತ ನಾವೇ ಹೇಳೋದಾ? ಇಷ್ಟು ದಿನ ಬೆಳೆಸಿದ ರಿಲೇಶನ್‌ಶಿಪ್ ಎಲ್ಲ ಹೋಗುತ್ತೆ ಅಕ್ಕ.”

“ಹುಳ ಹೋದ್ಮೇಲೆ ಅದನ್ನ ಇಟ್ಕೊಂಡು ಏನ್ ಮಾಡ್ತೀಯ? ಉಪ್ಪಿನಕಾಯಿ ಹಾಕ್ತೀಯಾ?”

“ಹಂಗಾದ್ರೆ ಖುದ್ದಾಗಿ ಹೋಗಿ ಹೇಳ್ತೀನಿ. ಮುಖ ನೋಡಿ ಮಾತಾಡಿದ್ರೆ ಬೇಜಾರಾಗಲ್ಲ.”

ಎದ್ದು ಬೂಟು ಹಾಕಿಕೊಳ್ಳತೊಡಗಿದ. ಅದೇ ಬೂಟು. ಕಿತ್ತುಕೊಂಡು ಬ್ಲೀಚಿಂಗ್ ನೀರಿನ ತೊಟ್ಟಿಗೆ ಹಾಕಿದೆ. ನನ್ನ ಎದುರಿಗೇ ಕೂತು, ಒಬ್ಬೊಬ್ಬರಿಗೂ ಫೋನು ಮಾಡಿದ. ಬೈಗುಳ ನನಗೂ ಕೇಳಿಸುತ್ತಿತ್ತು. ಕೆಲವರು ಏನೂ ಅನ್ನದೆ ಫೋನಿಟ್ಟರು. ಹಾಗೆ ಇಟ್ಟಾಗಲೇ ಅವನ ಮುಖ ಹೆಚ್ಚು ಕುಗ್ಗಿದ್ದು.

ಕೆಂಚಾರ್ಲಹಳ್ಳಿಯ ಬೆಳೆ ಪೂರ್ತಿ ಹೋಯಿತು. ಇನ್ನೊಂದು ಮನೆಯಲ್ಲಿ ಅರ್ಧ. ಮಿಕ್ಕವರು ಅವತ್ತೇ ಎಚ್ಚೆತ್ತುಕೊಂಡಿದ್ದರಿಂದ ಗೂಡು ಕಂಡರು. ಇಬ್ಬರು ನಮ್ಮನ್ನು ಬಿಟ್ಟು ಬೇರೆ ಕೇಂದ್ರಕ್ಕೆ ಹೋದರು. ಅವರ ಸಿಟ್ಟು ನ್ಯಾಯವಾದದ್ದು.

ಕೆಂಚಾರ್ಲಹಳ್ಳಿಯವಳು ಹುಳುಮನೆ ತೊಳೆದು, ಸುಣ್ಣ ಬಳಿದು, ಮುಂದಿನ ಬೆಳೆಗೆ ಚಾಕಿ ಬೇಕೆಂದು ಫೋನು ಮಾಡಿದಳು. ಈ ಸಲದ ಚಾಕಿಗೆ ನೀನು ದುಡ್ಡು ಕೊಡುವಂತಿಲ್ಲ ಅಂದೆ. ಒಪ್ಪಿಕೊಂಡಳು. ಆಮೇಲೂ ಫೋನು ಇಡಲಿಲ್ಲ.

“ಅಕ್ಕಾ, ಒಂದ್ ಮಾತು. ಅಣ್ಣನ್ನ ಮಾತ್ರ ಕಳಿಸ್ಬೇಡಿ.”

“ಕಳಿಸಲ್ಲ.”

“ನಾನ್ ಹಂಗಂದೆ ಅಂತ ಅವ್ರಿಗೆ ಹೇಳ್ಬೇಡಿ. ಬೇಜಾರ್ ಮಾಡ್ಕೊಂತಾರೆ.”

ಬೆಳೆ ಕಳೆದುಕೊಂಡವಳು ಅವಳು, ಆದರೂ ಅವಳಿಗೆ ಚಿಂತೆ ಅವನ ಬೇಜಾರಿನದು. ನಾನು ಫೋನಿಟ್ಟು ನೇರವಾಗಿ ತಮ್ಮನ ಹತ್ತಿರ ಹೋಗಿ, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.