ಗೋಡೆಯಾಚೆಯ ಜೊತೆ

ಯಾರು ಏನು ಕೇಳಿದರೂ ಟೇಲರನ ಬಾಯಲ್ಲಿ ಒಂದೇ ಮಾತು: "ಉಸಿರಾಡೋಕೂ ಪುರುಸೊತ್ತಿಲ್ಲ!" ಪಕ್ಕದ ಮನೆಯ ಕಣ್ಣು ಕಾಣದ ಅಜ್ಜಿ, ಸಂಜೆ ಬಂದು ಒಂದು ಅಧ್ಯಾಯ ಬೈಬಲ್ ಓದಿ ಹೇಳು ಎಂದಾಗಲೂ ಅದನ್ನೇ ಹೇಳಿದ್ದ. ಅಂಗಡಿಗೆ ಬೀಗ ಜಡಿದ ಮೇಲೆ ಊಟದವರೆಗೂ ಮಂಚದಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಕಾಮಿಡಿ ನೋಡುವುದೇ ಆ ಮಹಾಶಯನ ಘನಕಾರ್ಯ.

ಭಾನುವಾರ ಚರ್ಚಿನಲ್ಲಿ ಅಜ್ಜಿ ಎಲ್ಲರೆದುರು ಪ್ರಾರ್ಥಿಸಿದಳು: "ಸ್ವಾಮಿ, ನಮ್ಮ ಟೇಲರನ್ನ ಚೆನ್ನಾಗಿಟ್ಟಿರು. ಗೋಡೆಯಾಚೆ ಅವನ ಮೊಬೈಲಿನ ನಗು ಕೇಳಿಸ್ತಿದ್ರೆ ನಂಗೆ ಒಂಟಿ ಅನ್ಸಲ್ಲ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಎಲ್ಲರೂ ಆಮೆನ್ ಎನ್ನುವಾಗ ಮುಂದೆ ನಿಂತವರ ಬೆನ್ನ ಹಿಂದೆ ಮುಖ ಮರೆಸಿಕೊಂಡ.

ಅಂದು ಸಂಜೆಯೂ ಮಂಚ ಬಿಡಲಿಲ್ಲ. ನಾಚಿಕೆಗೆ ಮೊಬೈಲಿನ ಸದ್ದು ಮಾತ್ರ ಪೂರ್ತಿ ಅಡಗಿಸಿ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಆಚೆಯಿಂದ ಅಜ್ಜಿ ಗೋಡೆ ತಟ್ಟಿದಳು.

"ಯಾಕಪ್ಪ, ಸದ್ದೇ ಇಲ್ಲ? ಹುಷಾರಾಗಿದೀಯಾ?"